ಮಗಳು ಹೋಗಿದ್ದು ಲಂಡನ್ನಿಗೇ, ಇಂಗ್ಲೆಂಡಿಗಲ್ಲ

ಪ್ರಶ್ನೆ: ಸರ್, ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ. ಮಗಳು ಮಾಸ್ಟರ್ಸ್ ಮಾಡೋಕೆ ಲಂಡನ್ನಿಗೆ ಹೋಗಿದಾಳೆ, ಆದ್ರೆ ಅದು ಕೆನಡಾದ ಲಂಡನ್. ಮದುವೆ ಮುಂಜಿಗೆ ಹೋದಾಗೆಲ್ಲ ಇದನ್ನ ಬಿಡಿಸಿ ಹೇಳಿ ಹೇಳಿ ಸಾಕಾಗಿದೆ. ಒಂದು ದೇಶದ ಊರಿನ ಹೆಸರು ಇನ್ನೊಂದು ದೇಶಕ್ಕೆ ಹೇಗೆ ಹೋಗತ್ತೆ, ಅವರಿಗೆ ಬೇರೆ ಹೆಸರೇ ಸಿಗಲಿಲ್ವಾ? ಇನ್ನೊಂದು ವಿಷಯ, ನಮ್ಮ ಮನೆ ಹತ್ರಾನೇ ಸಿಂಗಾಪುರ ಅಂತ ಇದೆ. ನಮ್ಮವರೇ ಆ ಕಾಲದಲ್ಲಿ ಸಮುದ್ರ ದಾಟಿ ಹೋಗಿ ಅಲ್ಲಿ ಈ ಹೆಸರಿಟ್ಟಿದ್ದು ಅಂತ ನನ್ನ ಮೈದುನ ವಾದ ಮಾಡ್ತಾರೆ. ನಿಜಾನಾ?

ಉತ್ತರ: ನಿಮ್ಮ ಮೈದುನರ ವಾದಕ್ಕೆ ಆಮೇಲೆ ಬರ್ತೀನಿ ಮೇಡಂ, ಮೊದಲು ಮಗಳ ಊರಿಂದ ಶುರು ಮಾಡೋಣ, ಯಾಕಂದ್ರೆ ನಿಮಗೆ ಗೊತ್ತಿಲ್ದೇ ನಿಮ್ಮ ಮಗಳು ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಪ್ರಪಂಚದಲ್ಲೇ ಒಳ್ಳೇ ಜಾಗಕ್ಕೆ ಹೋಗಿ ಕೂತಿದಾಳೆ.

1793ರಲ್ಲಿ ಜಾನ್ ಗ್ರೇವ್ಸ್ ಸಿಮ್ಕೋ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಇವತ್ತಿನ ಒಂಟಾರಿಯೊ ಪ್ರಾಂತ್ಯ ಆಳ್ತಿದ್ದ. ಕಾಡಿನ ಮಧ್ಯ ಎರಡು ಹೊಳೆ ಕೂಡೋ ಜಾಗ ನೋಡ್ದ, ಇಲ್ಲೇ ರಾಜಧಾನಿ ಕಟ್ತೀನಿ ಅಂದ. ಆ ಹೊಳೆಗೆ ಅಲ್ಲಿನ ಮೂಲನಿವಾಸಿಗಳ ಭಾಷೇಲಿ ಒಂದು ಹೆಸರಿತ್ತು, ನಮ್ಮ ಮಾತಲ್ಲಿ ಹೇಳೋದಾದ್ರೆ "ಜಿಂಕೆ ಕೊಂಬಿನ ಹೊಳೆ". ಫ್ರೆಂಚರು ಬಂದವರು ಅವರದ್ದೇ ಇನ್ನೊಂದು ಹೆಸರಿಟ್ಟಿದ್ರು. ಸಿಮ್ಕೋ ಅದೆರಡನ್ನೂ ಪಕ್ಕಕ್ಕಿಟ್ಟು ಥೇಮ್ಸ್ ಅಂದ. ಹೊಳೆ ಥೇಮ್ಸ್ ಆದ್ಮೇಲೆ ದಡದಲ್ಲಿರೋ ಊರು ಲಂಡನ್ ಆಗದೇ ಇನ್ನೇನಾಗತ್ತೆ? ತಮಾಷೆ ಅಂದ್ರೆ ರಾಜಧಾನಿ ಅಲ್ಲಿಗೆ ಬರಲೇ ಇಲ್ಲ, ಊರು ಕೂಡ 1826ರವರೆಗೆ ಹುಟ್ಟಲಿಲ್ಲ, ಮೂವತ್ತಮೂರು ವರ್ಷ ಬರೀ ಹೆಸರೊಂದೇ ಕಾಡಲ್ಲಿ ಕಾಯ್ತಾ ಕೂತಿತ್ತು. ರಾಜಧಾನಿ ಹೋಗಿದ್ದು ಇನ್ನೊಂದು ಊರಿಗೆ, ಅದಕ್ಕೂ ಸಿಮ್ಕೋನೇ ಯಾರ್ಕ್ ಅಂತ ಹೆಸರಿಟ್ಟಿದ್ದ, ಆದ್ರೆ ಅಲ್ಲಿನ ಜನ 1834ರಲ್ಲಿ ಯಾರ್ಕ್ ಕಿತ್ತಾಕಿ ಹಳೇ ಹೆಸರನ್ನೇ ವಾಪಸ್ ತಂದ್ರು. ಅದೇ ಟೊರಾಂಟೊ.

ಹಾಗಾಗಿ "ಬೇರೆ ಹೆಸರೇ ಸಿಗಲಿಲ್ವಾ" ಅನ್ನೋದಕ್ಕೆ ಉತ್ತರ: ಸಿಕ್ಕಿತ್ತು, ಬೇಕಾಗಿರಲಿಲ್ಲ. ಜಾಗ ನಮ್ಮದು ಅಂತ ತೋರಿಸೋಕೆ ಬೇಲಿ ಹಾಕೋದಕ್ಕಿಂತ ಹೆಸರಿಡೋದು ಸುಲಭ, ಖರ್ಚೂ ಇಲ್ಲ. ಮಗಳನ್ನ ಕೇಳಿ ನೋಡಿ, ಆ ಊರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್ ಇದೆ, ಕೋವೆಂಟ್ ಗಾರ್ಡನ್ ಮಾರ್ಕೆಟ್ ಇದೆ, ಬ್ಲ್ಯಾಕ್‌ಫ್ರಯರ್ಸ್ ಸೇತುವೆ ಕೂಡ ಇದೆ. ಹೆಸರೊಂದನ್ನ ತಂದಿದ್ದಲ್ಲ, ಸಂಸಾರ ಸಮೇತ ತಂದಿದ್ದಾರೆ.

ಈಗ ಮಗಳು ವೀಕೆಂಡಲ್ಲಿ ಫ್ರೆಂಡ್ಸ್ ಜೊತೆ ಕಾರ್ ತಗೊಂಡು ಹೊರಟಳು ಅನ್ಕೊಳಿ. ಪೂರ್ವಕ್ಕೆ ಹೋದ್ರೆ ಪ್ಯಾರಿಸ್ ಸಿಗತ್ತೆ. ಪುಟ್ಟ ಊರು, ಅಲ್ಲಿ ಐಫೆಲ್ ಟವರೂ ಇಲ್ಲ, ಫ್ರೆಂಚರು ಬಂದು ಹೆಸರಿಟ್ಟಿದ್ದೂ ಅಲ್ಲ. ಆ ಊರ ಸುತ್ತ ಜಿಪ್ಸಮ್ ಕಲ್ಲು ಸಿಗ್ತಿತ್ತು, ಅದನ್ನ ಸುಟ್ಟು ಪುಡಿ ಮಾಡಿದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಲ್ಲಿಂದ ಊರು ಪ್ಯಾರಿಸ್! ಅಂದ್ರೆ ಫ್ರಾನ್ಸಿನ ಊರಿಂದ ಒಂದು ಪುಡಿಗೆ ಹೆಸರು ಬಂತು, ಪುಡಿಯಿಂದ ಕೆನಡಾದ ಊರಿಗೆ ಬಂತು. ಕೈ ಮುರ್ಕೊಂಡು ಬ್ಯಾಂಡೇಜ್ ಹಾಕಿಸ್ಕೊಂಡವರಿಗೆಲ್ಲ ಆ ಊರಿನ ಸಂಬಂಧ ಇದೆ ಅಂತಾಯ್ತು.

ಆಗ್ನೇಯಕ್ಕೆ ತಿರುಗಿದ್ರೆ ಡೆಲ್ಲಿ ಇದೆ, ನಮ್ಮ ದೆಹಲಿಯ ಸ್ಪೆಲಿಂಗೇ, ಆದ್ರೆ ಅವರು ಓದೋದು "ಡೆಲ್‌ಹೈ" ಅಂತ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಒಂದು ಡೆಲ್‌ಹೈ ಇದೆ, ಅದರ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿನ ದೊಡ್ಡ ಕುಳ ಎಬೆನೆಜರ್ ಫೂಟ್ ಅಂತ ಇದ್ದ, ಅವನಿಗೆ ಊರವರು "ಗ್ರೇಟ್ ಮೊಘಲ್" ಅಂತ ಅಡ್ಡಹೆಸರು ಇಟ್ಟಿದ್ರು. ಮೊಘಲ್ ಇರೋ ಕಡೆ ಡೆಲ್ಲಿ ಇರಬೇಕಲ್ವಾ, ಇಟ್ರು. ಹೋಟೆಲ್ ಕಟ್ಟೆ ಮೇಲೆ ಕೂತು ಮಾತಾಡೋ ಹಾಗೆ ಇಟ್ಟ ಹೆಸರುಗಳು ಪ್ರಪಂಚದ ಮ್ಯಾಪಲ್ಲಿ ಎಷ್ಟಿವೆ ಅಂದ್ರೆ, ಈ ವಿಷಯ ಪಾಠ ಮಾಡುವಾಗ ನಾನು ಗಂಭೀರವಾಗಿರೋದೇ ಕಷ್ಟ ಆಗ್ತಿತ್ತು.

ಉತ್ತರಕ್ಕೆ ಹೋದ್ರೆ ಲಕ್ನೋ. ಇದು ತಮಾಷೆಯದ್ದಲ್ಲ. 1857ರಲ್ಲಿ ನಮ್ಮ ಸಿಪಾಯಿಗಳು ಲಕ್ನೋದಲ್ಲಿ ಬ್ರಿಟಿಷರನ್ನ ಮುತ್ತಿಗೆ ಹಾಕಿದ್ದ ಸುದ್ದಿ ತಿಂಗಳುಗಟ್ಟಲೆ ಅವರ ಪೇಪರಲ್ಲೆಲ್ಲ ಬರ್ತಿತ್ತು, ಅದೇ ಹೊತ್ತಿಗೆ ಒಂಟಾರಿಯೊದಲ್ಲಿ ಈ ಹಳ್ಳಿ ಹುಟ್ತಿತ್ತು. ಊರಿಗೆ ಲಕ್ನೋ ಅಂತ ಇಟ್ಟು ಬೀದಿಗಳಿಗೆ ಆ ಯುದ್ಧದ ಬ್ರಿಟಿಷ್ ಸೇನಾಪತಿಗಳ ಹೆಸರಿಟ್ರು, ಕ್ಯಾಂಪ್‌ಬೆಲ್, ಹ್ಯಾವ್ಲಾಕ್, ಔಟ್ರಮ್ ಅಂತ. ನಮಗೆ ಸ್ವಾತಂತ್ರ್ಯ ಸಂಗ್ರಾಮ, ಅವರಿಗೆ ವಿಜಯದ ನೆನಪು, ಹೆಸರು ಮಾತ್ರ ಒಂದೇ. ಆಸ್ಟ್ರೇಲಿಯಾದಲ್ಲೂ ಲಕ್ನೋಗಳಿವೆ.

ಪ್ಯಾರಿಸ್ ಹತ್ರಾನೇ ಕಿಚನರ್ ಅನ್ನೋ ನಗರ ಇದೆ. ನಮ್ಮ ಹುಡುಗರು ಕೆಲಸಕ್ಕೆ ಅಂತ ತುಂಬಾ ಜನ ಆ ಕಡೆ ಇದಾರೆ. 1916ರ ತನಕ ಅದರ ಹೆಸರು ಬರ್ಲಿನ್. ಜರ್ಮನರು ಬಂದು ನೆಲೆ ನಿಂತ ಊರು, ತಮ್ಮ ರಾಜಧಾನಿ ಹೆಸರಿಟ್ಕೊಂಡಿದ್ರು. ಮೊದಲನೇ ಮಹಾಯುದ್ಧ ಶುರುವಾಯ್ತು, ಕೆನಡಾ ಜರ್ಮನಿ ವಿರುದ್ಧ ನಿಂತಿತ್ತು, ಬರ್ಲಿನ್ ಅಂತ ಬರೆದ ಸಾಮಾನು ಯಾರು ತಗೋತಾರೆ? ವೋಟ್ ಹಾಕಿಸಿದ್ರು, ಸ್ವಲ್ಪದ್ರಲ್ಲಿ ಬದಲಾವಣೆ ಕಡೆಯವರು ಗೆದ್ರು, ಆ ವರ್ಷ ತಾನೇ ಸತ್ತ ಲಾರ್ಡ್ ಕಿಚನರ್ ಹೆಸರಿಟ್ರು. ಈ ಕಿಚನರ್ ಅದಕ್ಕೂ ಮುಂಚೆ ಭಾರತದ ಸೈನ್ಯದ ಕಮಾಂಡರ್ ಇನ್ ಚೀಫ್ ಆಗಿದ್ದವನು. ಒಂದು ಹೆಸರು ಹೇಗೆ ಬರತ್ತೆ ಅನ್ನೋದರ ಜೊತೆ ಹೇಗೆ ಹೋಗತ್ತೆ ಅನ್ನೋದೂ ಅಲ್ಲೇ ನೋಡಬಹುದು.

ನೋಡಿ, ಒಂದು ಟ್ಯಾಂಕ್ ಪೆಟ್ರೋಲಲ್ಲಿ ಲಂಡನ್, ಪ್ಯಾರಿಸ್, ಡೆಲ್ಲಿ, ಲಕ್ನೋ, ಮಾಜಿ ಬರ್ಲಿನ್. ನಾಲ್ಕೂ ಐದೂ ಬೇರೆ ಬೇರೆ ಕಾರಣಕ್ಕೆ. ಅದಕ್ಕೇ ನಾನು ಹೇಳೋದು, ಎರಡು ಊರಿಗೆ ಒಂದೇ ಹೆಸರು ಕಂಡ ತಕ್ಷಣ "ಯಾರು ಯಾರದ್ದು ಕಾಪಿ ಹೊಡೆದ್ರು" ಅಂತ ಕೇಳಬೇಡಿ, "ಈ ಹೆಸರನ್ನ ಇಲ್ಲಿಗೆ ಹೊತ್ಕೊಂಡು ಬಂದವರು ಯಾರು" ಅಂತ ಕೇಳಿ. ಎಷ್ಟೋ ಸಲ ಯಾರೂ ಹೊತ್ಕೊಂಡು ಬಂದೇ ಇರಲ್ಲ.

ಹೊತ್ಕೊಂಡು ಬಂದಿದ್ದರಲ್ಲೂ ಒಂದು ಗಮ್ಮತ್ತಿದೆ, ಹೆಸರು ಊರಿಂದ ಊರಿಗೆ ನೇರವಾಗಿ ಹೋಗೋದು ನಾವು ಅನ್ಕೊಂಡಷ್ಟು ಜಾಸ್ತಿ ಇಲ್ಲ, ಮಧ್ಯ ಒಬ್ಬ ಮನುಷ್ಯ ಇರ್ತಾನೆ. 2017ರಲ್ಲಿ ಒಬ್ಬ ಡಚ್ ಹುಡುಗ ಆಸ್ಟ್ರೇಲಿಯಾದ ಸಿಡ್ನಿಗೆ ಅಂತ ಕಡಿಮೆ ರೇಟಿನ ಟಿಕೆಟ್ ಮಾಡಿಸಿ ಕೆನಡಾದ ನೋವಾ ಸ್ಕೋಶಿಯಾದಲ್ಲಿರೋ ಸಿಡ್ನಿಗೆ ಹೋಗಿ ಇಳಿದಿದ್ದ, ತೆಳ್ಳನೆ ಜಾಕೆಟ್ ಹಾಕ್ಕೊಂಡು, ಅಲ್ಲಿ ನೋಡಿದ್ರೆ ಹಿಮ ಬೀಳ್ತಾ ಇದೆ. ಅವನಿಗಿಂತ ಮುಂಚೆಯೂ ಕೆಲವರು ಹೀಗೇ ಮೋಸ ಹೋಗಿದ್ರು. ಆ ಎರಡು ಸಿಡ್ನಿಗೂ ಹೆಸರು ಬಂದಿದ್ದು ಒಬ್ಬನಿಂದಲೇ, ಥಾಮಸ್ ಟೌನ್ಶೆಂಡ್ ಅಂತ, ಬ್ರಿಟನ್ನಿನ ಮಂತ್ರಿ, ಬಿರುದು ಲಾರ್ಡ್ ಸಿಡ್ನಿ. 1785ರಲ್ಲಿ ಕೆನಡಾದ ಅಧಿಕಾರಿ ಮಂತ್ರಿಗಳನ್ನ ಖುಷಿ ಪಡಿಸೋಕೆ ಅವರ ಹೆಸರಿಟ್ಟ, 1788ರಲ್ಲಿ ಆಸ್ಟ್ರೇಲಿಯಾದ ಅಧಿಕಾರಿಯೂ ಅದನ್ನೇ ಮಾಡ್ದ. ಮೇಲಿನವರ ಹೆಸರಿಟ್ಟು ಬೆಣ್ಣೆ ಹಚ್ಚೋದು ನಮಗೆ ಹೊಸದಲ್ಲ ಬಿಡಿ. ಕೆ.ಆರ್. ನಗರ, ಕೆ.ಆರ್. ಪೇಟೆ, ಕೆ.ಆರ್. ಪುರ ಎಲ್ಲಾ ಕೃಷ್ಣರಾಜರದ್ದೇ ಹೆಸರು, ಅವು ಒಂದನ್ನೊಂದು ಕಾಪಿ ಹೊಡೆದಿದ್ದು ಅಂತ ಯಾರೂ ಅನ್ನಲ್ಲ. ಸಿಡ್ನಿಯೂ ಅಷ್ಟೇ. ಜಾರ್ಜ್‌ಟೌನ್ ಅಂತೂ ಮಲೇಷ್ಯಾದ ಪೆನಾಂಗಲ್ಲೊಂದು, ದಕ್ಷಿಣ ಅಮೆರಿಕದ ಗಯಾನಾದಲ್ಲೊಂದು, ಎರಡೂ ಮೂರನೇ ಜಾರ್ಜ್ ದೊರೆಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸರಪಳಿ ಮೆಲ್ಬರ್ನ್‌ದು. ಇಂಗ್ಲೆಂಡಿನ ಡರ್ಬಿಶೈರಲ್ಲಿ ಮೆಲ್ಬರ್ನ್ ಅಂತ ಒಂದು ಸಣ್ಣ ಊರಿದೆ, ಹಳೇ ಇಂಗ್ಲಿಷಲ್ಲಿ ಅದರ ಅರ್ಥ ಹಿಟ್ಟಿನ ಗಿರಣಿ ಪಕ್ಕದ ತೊರೆ, ಅಷ್ಟೇ. ಆ ಊರಿಂದ ಒಂದು ಮನೆತನಕ್ಕೆ ಲಾರ್ಡ್ ಮೆಲ್ಬರ್ನ್ ಅನ್ನೋ ಬಿರುದು ಬಂತು, ಆ ಮನೆತನದವನೊಬ್ಬ ಪ್ರಧಾನಮಂತ್ರಿ ಆದ, ಅವನ ಕಾಲದಲ್ಲಿ 1837ರಲ್ಲಿ ಆಸ್ಟ್ರೇಲಿಯಾದ ಹೊಸ ಊರಿಗೆ ಅವನ ಹೆಸರಿಟ್ರು, ಆ ಊರಲ್ಲಿ ತುಂಬಾ ವರ್ಷ ಇದ್ದ ಒಬ್ಬ ಮನುಷ್ಯ ಆಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಒಂದು ಸಣ್ಣ ಊರಿನ ಮೊದಲ ಪೋಸ್ಟ್‌ಮಾಸ್ಟರ್ ಆದ, ಅವನ ನೆನಪಿಗೆ ಆ ಊರೂ ಮೆಲ್ಬರ್ನ್ ಆಯ್ತು. ಡರ್ಬಿಶೈರಿನ ಗಿರಣಿ ತೊರೆ ಭೂಮಿ ಸುತ್ತಿ ಫ್ಲಾರಿಡಾದ ಸಮುದ್ರ ತೀರ ಸೇರಿದೆ, ಅಲ್ಲಿ ಗಿರಣಿಯೂ ಇಲ್ಲ ಏನೂ ಇಲ್ಲ.

ಇಂಥದ್ದೇ ಒಂದು ಸರಪಳಿ ನಮ್ಮ ಶ್ರೀರಂಗಪಟ್ಟಣವನ್ನೂ ಮುಟ್ಕೊಂಡು ಹೋಗಿದೆ. 1799ರ ಮೇ 4ಕ್ಕೆ ಟಿಪ್ಪು ಬಿದ್ದ ಮೇಲೆ ಊರಿನ ಉಸ್ತುವಾರಿ ಸಿಕ್ಕಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ಮೈಸೂರಲ್ಲಿ ವೆಲ್ಲಿಂಗ್ಟನ್ ಲಾಡ್ಜ್ ಅಂತ ಹಳೇ ಕಟ್ಟಡ ಇದ್ಯಲ್ಲ, ಅವನ ಹೆಸರಿಂದೇ. ಆದ್ರೆ ಅವನು ಇಲ್ಲಿದ್ದಾಗ ವೆಲ್ಲಿಂಗ್ಟನ್ ಆಗಿರಲಿಲ್ಲ. 1809ರಲ್ಲಿ ಸ್ಪೇನಲ್ಲಿ ಯುದ್ಧ ಗೆದ್ದು ಬಿರುದು ಕೊಡೋ ಹೊತ್ತಿಗೆ ಅವನು ಊರಲ್ಲೇ ಇರಲಿಲ್ಲ, ಇಂಗ್ಲೆಂಡಲ್ಲಿದ್ದ ಅಣ್ಣ ಮ್ಯಾಪ್ ನೋಡಿ ನಮ್ಮ ವೆಲ್ಲೆಸ್ಲಿ ಅನ್ನೋ ಹೆಸರಿಗೆ ಹತ್ರ ಇದೆ ಅಂತ ಸೋಮರ್ಸೆಟ್ಟಿನ ವೆಲ್ಲಿಂಗ್ಟನ್ ಅನ್ನೋ ಊರನ್ನ ಆರಿಸಿಕೊಟ್ಟ. ಆಮೇಲೆ ವಾಟರ್ಲೂ, ನೆಪೋಲಿಯನ್, ಎಲ್ಲಾ ಆಯ್ತು, ಕೂನೂರು ಪಕ್ಕದ ದಂಡಿನ ಊರು ವೆಲ್ಲಿಂಗ್ಟನ್ ಆಯ್ತು, ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ ಆಯ್ತು. ನ್ಯೂಜಿಲೆಂಡ್ ಕ್ರಿಕೆಟ್ ಮ್ಯಾಚ್ ನೋಡುವಾಗ ಶ್ರೀರಂಗಪಟ್ಟಣದ ಕೋಟೆ ಗೋಡೆ ನೆನಪಾದ್ರೆ ತಪ್ಪೇನಿಲ್ಲ.

ಇಲ್ಲಿವರೆಗೆ ಹೊತ್ಕೊಂಡು ಬಂದ ಹೆಸರುಗಳು. ಇನ್ನು ಯಾರೂ ಹೊತ್ಕೊಂಡು ಬರದೇ ಒಂದೇ ಆಗಿರೋ ಹೆಸರುಗಳಿಗೆ ಬರೋಣ, ಇದು ನನ್ನ ಪ್ರಕಾರ ಇನ್ನೂ ರುಚಿಯಾದ ಭಾಗ, ಯಾಕಂದ್ರೆ ಇದನ್ನ ಅರ್ಥ ಮಾಡ್ಕೊಳೋಕೆ ಕನ್ನಡ ಬಂದ್ರೆ ಸಾಕು.

ನಮ್ಮಲ್ಲಿ ಹೊಸೂರು ಅಂತ ಎಷ್ಟಿವೆ? ತಮಿಳುನಾಡಿನ ಗಡಿ ದಾಟಿದ ತಕ್ಷಣ ಸಿಗೋ ಹೊಸೂರಿನ ಹೆಸರೂ ಅಪ್ಪಟ ಕನ್ನಡ. ಹಳೇ ಊರಿಂದ ಒಂದಷ್ಟು ಜನ ಎದ್ದು ಹೋಗಿ ಹೊಸದಾಗಿ ಮನೆ ಕಟ್ಕೊಂಡ್ರೆ ಅದು ಹೊಸೂರು, ಯಾರೂ ಕೂತು ಯೋಚನೆ ಮಾಡಿ ಇಡೋ ಹೆಸರಲ್ಲ. ಈಗಿನ ಟ್ಯುನೀಷಿಯಾದಲ್ಲಿ ಫಿನೀಷಿಯನ್ನರು, ಅಂದ್ರೆ ಈಗಿನ ಲೆಬನಾನ್ ಕಡೆಯ ಹಳೇ ಕಾಲದ ವರ್ತಕ ಜನ, ಕಟ್ಟಿದ ಕಾರ್ಥೇಜ್ ಕೇಳಿರ್ತೀರಿ, ರೋಮಿನ ಜೊತೆ ನೂರಕ್ಕೂ ಹೆಚ್ಚು ವರ್ಷ ಸೆಣಸಿದ ಊರು. ಅವರ ಭಾಷೇಲಿ ಅದು "ಕರ್ತ್ ಹದಾಶ್ತ್", ಅರ್ಥ ಹೊಸೂರು. ಅದೇ ಜನ ಸ್ಪೇನಿನ ತೀರಕ್ಕೆ ಹೋಗಿ ಇನ್ನೊಂದು ಊರು ಕಟ್ಟಿ ಅದಕ್ಕೂ ಅದೇ ಹೆಸರಿಟ್ರು. ರೋಮನ್ನರಿಗೆ ಕನ್‌ಫ್ಯೂಸ್ ಆಯ್ತು, ಇದು ಹೊಸ ಕಾರ್ಥೇಜ್ ಅಂತ "ಕಾರ್ಥಾಗೊ ನೋವಾ" ಅಂದ್ರು, ಅಂದ್ರೆ "ಹೊಸ ಹೊಸೂರು". ಅದೇ ಸವೆದು ಕಾರ್ತಹೇನ ಆಯ್ತು. ಸ್ಪೇನಿನವರು 1533ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಈಗಿನ ಕೊಲಂಬಿಯಾದಲ್ಲಿ ಮತ್ತೊಂದು ಕಾರ್ತಹೇನ ಕಟ್ಟಿದ್ರು. ಮೂರು ಖಂಡದಲ್ಲಿ ಮೂರು ಹೊಸೂರು, ಅಲ್ಲಿರೋರಿಗೆ ತಮ್ಮ ಊರಿನ ಹೆಸರು ಹೊಸೂರು ಅಂತ ಅನ್ನಿಸೋದೂ ಇಲ್ಲ.

ಇಟಲಿಯ ನೇಪಲ್ಸ್ ಗ್ರೀಕ್ ಭಾಷೆಯ "ನಿಯಾಪೊಲಿಸ್", ಹೊಸೂರು. ಪ್ಯಾಲೆಸ್ತೀನಿನ ನಾಬ್ಲುಸ್ ಕೂಡ ಅದೇ ನಿಯಾಪೊಲಿಸ್, ಅರಬ್ಬಿಯಲ್ಲಿ ಪಕಾರ ಇಲ್ವಲ್ಲ, ಪ ಹೋಗಿ ಬ ಬಂತು. ರಷ್ಯಾದ ನೊವ್ಗೊರೊದ್, ಹೊಸೂರು. ಸ್ಪೆಲಿಂಗ್ ನೋಡಿದ್ರೆ ಒಂದಕ್ಕೊಂದು ಸಂಬಂಧವೇ ಇಲ್ಲ, ಅರ್ಥ ನೋಡಿದ್ರೆ ಎಲ್ಲಾ ಒಂದೇ ಹೆಸರು.

ಹೊಸಕೋಟೆ ತಗೊಳಿ. ಇಂಗ್ಲಿಷಿಗೆ ಹಾಕಿದ್ರೆ ನ್ಯೂಕ್ಯಾಸಲ್, ಇಂಗ್ಲೆಂಡಲ್ಲಿ ಟೈನ್ ನದಿ ದಡದಲ್ಲಿ 1080ರಲ್ಲಿ ಹೊಸದಾಗಿ ಕೋಟೆ ಕಟ್ಟಿದ್ದಕ್ಕೆ ಬಂದ ಹೆಸರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಅಂದ್ರೂ ಹೊಸಕೋಟೆ. ಜಪಾನಿನ ಶಿನ್‌ಶಿರೊ ಅಂದ್ರೂ ಹೊಸಕೋಟೆ. ಮಲೇಷ್ಯಾದ ಕೋಟ ಭಾರು ಅಂತೂ ನೋಡಿದ್ರೇ ಗೊತ್ತಾಗತ್ತೆ, ಆ "ಕೋಟ" ನಮ್ಮ ಕೋಟೆಯ ನೆಂಟನೇ, ಇಂಡಿಯಾದಿಂದ ಹೋದ ಪದ, ಭಾರು ಅಂದ್ರೆ ಮಲಯ ಭಾಷೇಲಿ ಹೊಸದು. ಪ್ರಪಂಚದ ಹೊಸಕೋಟೆಗಳೆಲ್ಲ ಸೇರಿ ಒಂದು ಬಳಗ ಮಾಡ್ಕೊಂಡಿದಾವೆ, ಬೇರೆ ಬೇರೆ ಭಾಷೆಯ ನ್ಯೂಕ್ಯಾಸಲ್‌ಗಳು, ಮೊದಲ ಸಭೆ 1998ರಲ್ಲಿ ಆ ಶಿನ್‌ಶಿರೊದಲ್ಲೇ ನಡೀತು. ಬೆಂಗಳೂರು ಪಕ್ಕದ ಹೊಸಕೋಟೆಯವರು ಅರ್ಜಿ ಹಾಕಿದ್ರೆ ಬೇಡ ಅನ್ನೋಕೆ ಕಾರಣವೇ ಇಲ್ಲ, ಅವರ ಮೀಟಿಂಗಿಗೆ ಒಂದು ಹಂಡೆ ಬಿರಿಯಾನಿನೂ ಹೋಗತ್ತೆ.

ಟ್ರಿಪೊಲಿ ಇನ್ನೊಂದು. ಲಿಬಿಯಾದ ರಾಜಧಾನಿ ಟ್ರಿಪೊಲಿ, ಲೆಬನಾನಲ್ಲೂ ಟ್ರಿಪೊಲಿ. ಗ್ರೀಕಲ್ಲಿ ಟ್ರಿ ಅಂದ್ರೆ ಮೂರು, ಪೊಲಿಸ್ ಅಂದ್ರೆ ಪಟ್ಟಣ. ಲಿಬಿಯಾದ್ದು ಅಲ್ಲಿದ್ದ ಮೂರು ಪಟ್ಟಣಗಳ ಗುಂಪಿಂದ ಬಂತು, ಲೆಬನಾನಿನದ್ದು ಟೈರ್, ಸೈಡನ್, ಅರಾಡಸ್ ಅನ್ನೋ ಬೇರೆ ಮೂರು ಊರಿನವರು ಸೇರಿ ಕಟ್ಟಿದ್ದಕ್ಕೆ ಬಂತು. ಯಾರೂ ಯಾರದ್ದೂ ನೋಡಿ ಬರೆದಿಲ್ಲ, ಅರಬ್ಬರು ಗೊಂದಲ ಬೇಡ ಅಂತ ಪಶ್ಚಿಮದ ತರಾಬುಲುಸ್, ಶಾಮಿನ (ಅಂದ್ರೆ ಸಿರಿಯಾ ಕಡೆಯ) ತರಾಬುಲುಸ್ ಅಂತ ಕರೀತಾರೆ. ಇನ್ನೊಂದು ವಿಷಯ, ಗ್ರೀಕಿನ ಟ್ರಿ ಮತ್ತು ನಮ್ಮ ತ್ರಿ ಒಂದೇ ಬೇರಿನ ಪದಗಳು, ಪೊಲಿಸ್ ಮತ್ತು ಸಂಸ್ಕೃತದ ಪುರ ಕೂಡ ಹಾಗೇ. ಅಂದ್ರೆ ಟ್ರಿಪೊಲಿ ಅಂದ್ರೆ ಅಕ್ಷರಶಃ ತ್ರಿಪುರ, ಶಿವ ಸುಟ್ಟ ತ್ರಿಪುರಗಳ ಹೆಸರೇ. ದಯವಿಟ್ಟು ಇದನ್ನ ಮೈದುನರಿಗೆ ಅರ್ಧ ಮಾತ್ರ ಹೇಳಬೇಡಿ, ಲಿಬಿಯಾವನ್ನೂ ನಮ್ಮವರೇ ಕಟ್ಟಿದ್ದು ಅಂದುಬಿಟ್ರೆ ಕಷ್ಟ. ಭಾಷೆಗಳು ದೂರದ ದಾಯಾದಿಗಳು ಅಂತಷ್ಟೇ ಅದರ ಅರ್ಥ.

ಹೈದರಾಬಾದ್ ಬಗ್ಗೆಯೂ ತುಂಬಾ ಜನ ಕೇಳ್ತಾರೆ, ದೇಶ ಭಾಗ ಆದಾಗ ಇಲ್ಲಿಂದ ಹೋದವರು ಪಾಕಿಸ್ತಾನದಲ್ಲಿ ಆ ಹೆಸರಿಟ್ರಾ ಅಂತ. ಇಲ್ಲ. ನಮ್ಮ ಪಕ್ಕದ ಹೈದರಾಬಾದನ್ನ ಮುಹಮ್ಮದ್ ಕುಲಿ ಕುತುಬ್ ಶಾ 1591ರಲ್ಲಿ ಕಟ್ಟಿಸಿದ್ದು, ಸಿಂಧ್‌ನ ಹೈದರಾಬಾದನ್ನ ಗುಲಾಮ್ ಶಾ ಕಲ್ಹೋರೋ 1768ರಲ್ಲಿ ನೇರೂನ್ ಕೋಟ್ ಅನ್ನೋ ಹಳೇ ಜಾಗದಲ್ಲಿ ಕಟ್ಟಿಸಿದ್ದು. ಹೈದರ್ ಅಂದ್ರೆ ಸಿಂಹ, ಪ್ರವಾದಿಗಳ ಅಳಿಯ ಅಲಿಯವರ ಬಿರುದು, ನಮ್ಮ ಹೈದರ್ ಅಲಿ ಹೆಸರಲ್ಲೂ ಅದೇ ಇರೋದು. ಸಿಂಧಿನದ್ದು ಅಲಿಯವರ ಹೆಸರಿಂದಲೇ. ದಕ್ಖನ್ನಿನದ್ದಕ್ಕೆ ಭಾಗಮತಿ ಅನ್ನೋ ಪ್ರೇಯಸಿಗೆ ಹೈದರ್ ಮಹಲ್ ಅಂತ ಬಿರುದು ಕೊಟ್ಟ ಕತೆಯೂ ಚಾಲ್ತಿಯಲ್ಲಿದೆ, ಇತಿಹಾಸಕಾರರಲ್ಲಿ ಅದಕ್ಕೆ ಒಮ್ಮತ ಇಲ್ಲ. ಬ್ರಿಟಿಷರ ಕಾಲದಲ್ಲಿ ಎರಡೂ ಒಂದೇ ಆಡಳಿತದ ನೆರಳಲ್ಲಿದ್ವಲ್ಲ, ಹಾಗಾಗಿ ಹೈದರಾಬಾದ್ ಸಿಂಧ್, ಹೈದರಾಬಾದ್ ಡೆಕ್ಕನ್ ಅಂತ ಬಿಡಿಸಿ ಬರೀತಿದ್ರು, ಆ "ಡೆಕ್ಕನ್" ಬಾಲ ಇವತ್ತೂ ರೈಲ್ವೆ ಸ್ಟೇಷನ್ ಹೆಸರಲ್ಲಿ ಉಳ್ಕೊಂಡಿದೆ.

ಈಗ ಸಿಂಗಾಪುರ. ಮಲಯ ಭಾಷೆಯ ಹಳೇ ರಾಜಕಥನದ ಪ್ರಕಾರ ಸುಮಾತ್ರಾ ದ್ವೀಪದ ಪಾಲೆಂಬಾಂಗಿನಿಂದ ಸಾಂಗ್ ನಿಲ ಉತಾಮ ಅನ್ನೋ ರಾಜಕುಮಾರ ಬಂದ, ಒಂದು ಪ್ರಾಣಿ ಕಂಡ, ಸಿಂಹ ಅಂದ್ಕೊಂಡ, ಸಿಂಹಪುರ ಅಂತ ಹೆಸರಿಟ್ಟ. ಸಿಂಹ ಆ ದ್ವೀಪದಲ್ಲಿ ಯಾವತ್ತೂ ಇರಲಿಲ್ಲ, ಅವನು ಕಂಡಿದ್ದು ಹುಲಿಯೋ ಇನ್ನೇನೋ. ಅದಕ್ಕೂ ಮುಂಚೆ ಆ ದ್ವೀಪ ತೆಮಾಸೆಕ್. ಹೆಸರಿಟ್ಟವರು ಮಲಯ ಜನ, ಹೆಸರು ಸಂಸ್ಕೃತ. ಯಾಕಂದ್ರೆ ಆಗ ಆಗ್ನೇಯ ಏಷ್ಯಾದ ಅರಮನೆಗಳಲ್ಲಿ ಸಂಸ್ಕೃತಕ್ಕೆ ಇವತ್ತು ನಮ್ಮಲ್ಲಿ ಇಂಗ್ಲಿಷಿಗಿರೋ ಗತ್ತು ಇತ್ತು. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಇಟಲಿಯ ಹೆಸರಿಡ್ತಾರಲ್ಲ, ಕಟ್ಟಿದವರು ಇಟಲಿಯವರಾ? ಅದೇ ಥರ. ವರ್ತಕರು, ಪಂಡಿತರು ಇಲ್ಲಿಂದ ಹೋಗಿ ಬಂದು ಮಾಡ್ತಿದ್ದಿದ್ದು ನಿಜ, ಆದ್ರೆ ಹೆಸರು ಆರಿಸ್ಕೊಂಡಿದ್ದು ಅಲ್ಲಿನ ರಾಜರೇ. ಥಾಯ್ಲೆಂಡಿನ ಅಯುತ್ಥಯ, 1351ರಲ್ಲಿ ಕಟ್ಟಿದ್ದು, ರಾಮಾಯಣದ ಅಯೋಧ್ಯೆ. ವಿಯೆಟ್ನಾಮಿನ ಫಾನ್ ರಾಂಗ್ ಅನ್ನೋ ಊರು ಹಳೇ ಚಂಪಾ ರಾಜ್ಯದ ಪಾಂಡುರಂಗ, ಹೌದು, ಪಾಂಡುರಂಗ, ನಾಲಿಗೆಯಲ್ಲಿ ಸವೆದು ಫಾನ್ ರಾಂಗ್ ಆಗಿದೆ.

ನಿಮ್ಮ ಮನೆ ಹತ್ರದ ಸಿಂಗಾಪುರಕ್ಕೆ ಸಮುದ್ರ ದಾಟೋ ಅಗತ್ಯವೇ ಇಲ್ಲ. ಸಿಂಹದ ತದ್ಭವ ಕನ್ನಡದಲ್ಲಿ ಸಿಂಗ. ಸಿಂಗಪ್ಪ, ಸಿಂಗಮ್ಮ, ಸಿಂಗ್ರಿಗೌಡ ಅಂತ ಹೆಸರಿರೋರು ನಮ್ಮಲ್ಲಿ ಕಮ್ಮಿ ಇಲ್ಲ, ನರಸಿಂಹ ಸ್ವಾಮಿ ಗುಡಿ ಊರೂರಿಗೂ ಇದೆ. ಇಂಥ ಊರಿನ ಹೆಸರು ದೇವರಿಂದಲೋ ಊರು ಕಟ್ಟಿಸಿದ ಗೌಡನಿಂದಲೋ ಬರೋದು ರೂಢಿ. ಎರಡೂ ಸಿಂಗಾಪುರಕ್ಕೆ ಪದ ಕೊಟ್ಟ ಅಜ್ಜಿ ಒಬ್ಬಳೇ, ಸಂಸ್ಕೃತ. ಅಜ್ಜಿ ಒಬ್ಬಳೇ ಅಂದ ಮಾತ್ರಕ್ಕೆ ಮೊಮ್ಮಕ್ಕಳು ಒಬ್ಬರ ಮನೆಗೊಬ್ಬರು ಹೋಗಿದ್ರು ಅಂತಲ್ಲ.

ಜಯಪುರದ್ದು ಇನ್ನೂ ಮಜಾ. ರಾಜಸ್ಥಾನದ ಜೈಪುರ 1727ರಲ್ಲಿ ಕಟ್ಟಿದ ಸವಾಯಿ ಜೈ ಸಿಂಗ್ ಅನ್ನೋ ರಾಜನ ಹೆಸರು. ಕೊಪ್ಪ ತಾಲೂಕಲ್ಲಿ ನಮ್ಮದೊಂದು ಜಯಪುರ ಇದೆ. ಇಂಡೋನೇಷ್ಯಾದ ಪಾಪುವಾದಲ್ಲೂ ಜಯಪುರ ಇದೆ, ಕೇಳಿದ್ರೆ ಸಾವಿರ ವರ್ಷ ಹಳೇದು ಅನ್ಸತ್ತೆ, ಆದ್ರೆ ಆ ಹೆಸರು ಬಂದಿದ್ದು 1968ರಲ್ಲಿ! ಡಚ್ಚರ ಕಾಲದಲ್ಲಿ ಅದು ಹೊಲಾಂಡಿಯಾ, ಅವರು ಹೋದ ಮೇಲೆ ಕೋಟ ಬಾರು, ಅಂದ್ರೆ ಮತ್ತದೇ ಹೊಸಕೋಟೆ, ಆಮೇಲೆ ಅಧ್ಯಕ್ಷ ಸುಕರ್ಣೋ ಹೆಸರಲ್ಲಿ ಸುಕರ್ಣೋಪುರ, ಅವರು ಅಧಿಕಾರದಿಂದ ಇಳಿದ ಮೇಲೆ ಜಯಪುರ. ಆರೇಳು ವರ್ಷದಲ್ಲಿ ನಾಲ್ಕು ಬೋರ್ಡು, ಪೇಂಟರ್‌ಗಳಿಗೆ ಸುಗ್ಗಿ.

ಕೊನೇದಾಗಿ ಬರೀ ಕಾಕತಾಳೀಯ. ತಮಿಳುನಾಡಿನ ಸೇಲಂ ಮತ್ತು ಅಮೆರಿಕದ ಮ್ಯಾಸಚೂಸೆಟ್ಸಿನ ಸೇಲಂ ಸ್ಪೆಲಿಂಗ್ ಒಂದೇ, ಅಮೆರಿಕದ್ದು ಬೈಬಲ್ಲಿನ ಹೀಬ್ರೂ ಪದ, ಶಾಂತಿ ಅಂತ ಅರ್ಥ, ಆ ಶಾಂತಿಯ ಊರಲ್ಲೇ 1692ರಲ್ಲಿ ಮಾಟಗಾತಿಯರು ಅಂತ ಹೇಳಿ ಜನರನ್ನ ನೇಣಿಗೆ ಹಾಕಿದ್ರು. ತಮಿಳುನಾಡಿನದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಪಾನಲ್ಲಿ ಕೋಚಿ ಇದೆ, ಕೇರಳದ ಕೊಚ್ಚಿಗೂ ಅದಕ್ಕೂ ಏನೂ ಇಲ್ಲ. ನಮ್ಮ ವೈಟ್‌ಫೀಲ್ಡ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ವೈಟ್‌ಫೀಲ್ಡಿಂದ ಬಂದಿದ್ದು ಅಂತ ಅಲ್ಲಿ ಐಟಿ ಕೆಲಸ ಮಾಡೋ ಒಬ್ಬರು ನನಗೆ ಪಾಠ ಹೇಳಿದ್ರು. ಅಲ್ಲ ಸ್ವಾಮಿ, 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಅಂತ ಕೊಟ್ಟ ಜಮೀನು ಅದು, ಅವರ ಸಂಘದ ಮುಖಂಡ ಡಿ. ಎಸ್. ವೈಟ್ ಹೆಸರಿಂದ ವೈಟ್‌ಫೀಲ್ಡ್.

ಹಾಗಾದ್ರೆ ಗೊತ್ತು ಮಾಡ್ಕೊಳೋದು ಹೇಗೆ ಅಂತ ಕೇಳ್ತೀರಿ. ಮೊದಲು ಆ ಊರಿನವರ ಬಾಯಲ್ಲಿ ಹೆಸರು ಕೇಳಿ, ಮ್ಯಾಪಿನ ಇಂಗ್ಲಿಷ್ ಸ್ಪೆಲಿಂಗ್ ನಂಬಬೇಡಿ, ಅರ್ಧ ಗೊಂದಲ ಅಲ್ಲೇ ಕರಗತ್ತೆ. ಆಮೇಲೆ ಹೆಸರಿನ ಹಳೇ ರೂಪ ಶಾಸನದಲ್ಲೋ ದಾಖಲೆಯಲ್ಲೋ ಹೇಗಿದೆ ನೋಡಿ, ಯಾವ ಇಸವಿ ನೋಡಿ, ಆ ಇಸವಿಯಲ್ಲಿ ಅಲ್ಲಿ ಯಾರ ಆಡಳಿತ ಇತ್ತು ನೋಡಿ. ಕಿವಿಗೆ ಒಂದೇ ಥರ ಕೇಳ್ಸತ್ತೆ ಅನ್ನೋದು ಸಾಕ್ಷಿ ಅಲ್ಲ. ವ್ಯಾಟಿಕನ್ ಅಂದ್ರೆ ವಾಟಿಕಾ, ಆಸ್ಟ್ರೇಲಿಯಾ ಅಂದ್ರೆ ಅಸ್ತ್ರಾಲಯ ಅಂತ ವಾಟ್ಸಾಪಲ್ಲಿ ಬರತ್ತಲ್ಲ, ವ್ಯಾಟಿಕನ್ ಕ್ರೈಸ್ತ ಧರ್ಮಕ್ಕಿಂತ ಹಳೇದಾದ ರೋಮಿನ ಒಂದು ಗುಡ್ಡದ ಹೆಸರು, ಆಸ್ಟ್ರೇಲಿಯಾ ಲ್ಯಾಟಿನ್ನಿನ ದಕ್ಷಿಣ ಅನ್ನೋ ಪದ. ಮೈದುನರ ಗ್ರೂಪಿಗೆ ಬೇಕಾದ್ರೆ ಇಷ್ಟನ್ನ ಕಳಿಸಿ.

ಒಂದು ಮರೆತಿದ್ದೆ. ಹೊರಗೆ ಹೋದ ಹೆಸರು ಕೆಲವು ಸಲ ತವರಿಗಿಂತ ಗಟ್ಟಿಯಾಗಿ ಕೂತ್ಕೊಳತ್ತೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮದ್ರಾಸ್ ಅಂತ ಊರಿದೆ, ಅಂಗಡಿಯಲ್ಲಿದ್ದ ಮದ್ರಾಸ್ ಚೆಕ್ಸ್ ಬಟ್ಟೆ ಥಾನು ನೋಡಿ ಇಟ್ಟ ಹೆಸರು ಅಂತಾರೆ. ಇಲ್ಲಿ 1996ರಲ್ಲಿ ಮದ್ರಾಸ್ ಹೋಗಿ ಚೆನ್ನೈ ಬಂತು, ಅಲ್ಲಿ ಇನ್ನೂ ಮದ್ರಾಸೇ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ 1914ರಲ್ಲಿ ಪೆಟ್ರೋಗ್ರಾಡ್ ಆಗಿ 1924ರಲ್ಲಿ ಲೆನಿನ್‌ಗ್ರಾಡ್ ಆಗಿ 1991ರಲ್ಲಿ ವಾಪಸ್ ಬಂತು, ಅಷ್ಟೂ ಕಾಲ ಒಬ್ಬ ರಷ್ಯನ್ ರೈಲ್ವೆ ಸಾಹುಕಾರ ಫ್ಲಾರಿಡಾದಲ್ಲಿ ಇಟ್ಟಿದ್ದ ಸೇಂಟ್ ಪೀಟರ್ಸ್‌ಬರ್ಗ್ ಹಾಗೇ ಇತ್ತು. ನಮ್ಮದೂ ಇದೆ. 2014ರ ರಾಜ್ಯೋತ್ಸವದ ದಿನ ನಾವು ಮಂಗಳೂರನ್ನ ಇಂಗ್ಲಿಷಲ್ಲೂ ಮಂಗಳೂರು ಅಂತಲೇ ಬರೆಯೋಕೆ ಶುರು ಮಾಡಿದ್ವಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮತ್ತು ಟಾಸ್ಮೇನಿಯಾದಲ್ಲಿ ಮ್ಯಾಂಗಲೋರ್ ಇನ್ನೂ ಮ್ಯಾಂಗಲೋರಾಗೇ ಇದೆ. ಟಾಸ್ಮೇನಿಯಾದ ಮ್ಯಾಂಗಲೋರಿನ ಪಕ್ಕದ ಊರು ಯಾವ್ದು ಗೊತ್ತಾ? ಬಾಗ್ದಾದ್.

ಇನ್ನು ಮಗಳ ವಿಷಯಕ್ಕೆ. ಟಿಕೆಟ್ ಮಾಡಿಸುವಾಗ ಊರಿನ ಹೆಸರು ನೋಡಬೇಡಿ, ಏರ್‌ಪೋರ್ಟ್ ಕೋಡ್ ನೋಡಿ, ಕೆನಡಾದ ಲಂಡನ್ನಿಗೆ ವೈ ಎಕ್ಸ್ ಯು. ಚಟ್ನಿಪುಡಿ ಕೊರಿಯರ್ ಮಾಡುವಾಗ ಲಂಡನ್ ಮುಂದೆ ಒಂಟಾರಿಯೊ, ಕೆನಡಾ ಅಂತ ದೊಡ್ಡದಾಗಿ ಬರೆದು ಎನ್ ಅಕ್ಷರದಿಂದ ಶುರುವಾಗೋ ಅಲ್ಲಿನ ಪೋಸ್ಟಲ್ ಕೋಡ್ ಹಾಕಿ, ಇಲ್ಲಾಂದ್ರೆ ಪುಡಿ ಥೇಮ್ಸ್ ದಡಕ್ಕೇನೋ ಹೋಗತ್ತೆ, ಆದ್ರೆ ಆ ಥೇಮ್ಸ್ ದಡದಲ್ಲಿ ನಿಮ್ಮ ಮಗಳು ಇರಲ್ಲ.